ಆಯುಧ ಪೂಜೆಗೆ ನಿಂತ ಯಂತ್ರ

“ಗುರುಗಳೇ, ಕಟ್ಟಿದವನೇ ಬಿಟ್ಟು ಹೋದರೆ ಕಟ್ಟಿದ್ದು ಉಳಿಯುತ್ತದೆಯೇ?”

ಕೇಳಿದವನು ಅಡಿವೆಪ್ಪ. ಮಠದ ಪಾಠಶಾಲೆಯನ್ನು ಶುರು ಮಾಡಿದವನು ಅವನು, ನಡೆಸುವವನೂ ಅವನೇ. ಬೆಳಗಿನ ಗಂಟೆ ಬಾರಿಸುವುದರಿಂದ ಹಿಡಿದು ಸಂಜೆ ಬೀಗ ಹಾಕುವವರೆಗೆ ಅವನ ಕೈ ಸೋಕದ ಕೆಲಸ ಅಲ್ಲಿ ಇರಲಿಲ್ಲ. ಅವನ ತಂಗಿಗೆ ಮಗುವಾಗಿತ್ತು. ತೊಟ್ಟಿಲ ಕಾರ್ಯಕ್ಕೆ ಕರೆಯಲು ಊರಿನಿಂದ ಅಣ್ಣ ಬಂದಿದ್ದ. ಅಣ್ಣ ಹೊರಗಿನ ಕಟ್ಟೆಯ ಮೇಲೆ ಕುಳಿತು ಉತ್ತರಕ್ಕೆ ಕಾಯುತ್ತಿದ್ದ. ಹಿಂದೆಯೂ ಒಮ್ಮೆ ಹೀಗೆಯೇ ಕಾದು ಒಬ್ಬನೇ ಹಿಂತಿರುಗಿದ್ದ.

ಗುರುಗಳು ಮಠಕ್ಕೆ ಬರುವ ಮೊದಲು ಹತ್ತಿಯ ದಲಾಲಿ ಮಾಡಿದವರು. ಕೇಳಿದ ಕೂಡಲೇ ಉತ್ತರ ಕೊಡುವ ಅಭ್ಯಾಸ ಅವರಿಗೆ ಇರಲಿಲ್ಲ. ಮಾಲು ತೋರಿಸದೆ ದರ ಹೇಳುವವನನ್ನು ಪೇಟೆಯಲ್ಲಿ ಯಾರೂ ನಂಬುವುದಿಲ್ಲ ಎನ್ನುತ್ತಿದ್ದರು. ಈಗಲೂ ಅವರು ಮೊದಲು ಮಾಲು ಬಿಚ್ಚಿದರು.

ಒಂದು ಪೇಟೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವನು, ಅವನ ಹೆಂಡತಿ, ಮತ್ತು ಅವನ ಸೋದರತ್ತೆ. ಅತ್ತೆಯ ಗಂಡ ಪೇಟೆಯ ಭಜನಾ ಮೇಳದ ಹಾಡುಗಾರ; ತೀರಿಕೊಂಡು ಕೆಲವು ವರ್ಷ ಆಗಿತ್ತು. ಆಮೇಲೆ ಅತ್ತೆ ಇವನ ಮನೆಗೆ ಬಂದು ಇವನ ಮೇಲೆ ಅಧಿಕಾರ ನಡೆಸಿಕೊಂಡು ಸುಖವಾಗಿದ್ದಳು.

ವ್ಯಾಪಾರಿ ತನ್ನ ಸೀರೆಗಳ ಫೋಟೋಗಳನ್ನೂ ಅಂಚು ಸೆರಗುಗಳ ನಮೂನೆಗಳನ್ನೂ ದೂರದ ಒಂದು ಕಂಪನಿಯ ಯಂತ್ರಗಳಲ್ಲಿ ಇಟ್ಟಿದ್ದ. ಅಂತಹ ಜಾಗಕ್ಕೆ ಕ್ಲೌಡ್ ಎನ್ನುತ್ತಾರೆ. ಫೋನು ಇದ್ದವರು ಎಲ್ಲಿಂದ ಬೇಕಾದರೂ ತೆಗೆದು ನೋಡಬಹುದು. ಸ್ವಲ್ಪ ಕಾಲ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಜಾಗ ತುಂಬಿತು, ಹೆಚ್ಚಿಗೆ ಕೊಡು, ಇಲ್ಲವಾದರೆ ಖಾಲಿ ಮಾಡು ಎಂಬ ಸೂಚನೆ ಮೇಲಿಂದ ಮೇಲೆ ಬರತೊಡಗಿತು. ವ್ಯಾಪಾರಿ ಯೋಚಿಸಿದ. ಬಾಡಿಗೆ ಗೋದಾಮಿನಲ್ಲಿ ಮಾಲು ಇಟ್ಟವನು ಮಾಲೀಕನ ಮುಖ ನೋಡಿಕೊಂಡೇ ನಿದ್ದೆ ಮಾಡಬೇಕು. ನನಗೆ ಜಾಗವಿದೆ, ಕರೆಂಟು ಇದೆ, ತಲೆಯೂ ಇದೆ. ಸ್ವಂತ ಗೋದಾಮು ಕಟ್ಟಿಕೊಳ್ಳುತ್ತೇನೆ.

ಅವನು ಯಾರದೋ ಆಫೀಸು ಬೇಡವೆಂದ ಒಂದು ಕಂಪ್ಯೂಟರು ತಂದ. ಅದರ ಮೇಲೆ ಲಿನಕ್ಸ್ ಹಾಕಿದ. ಅದು ಕಂಪ್ಯೂಟರನ್ನು ನಡೆಸುವ, ಯಾರಿಗೂ ಬಾಡಿಗೆ ಕಟ್ಟಬೇಕಿಲ್ಲದ ವ್ಯವಸ್ಥೆ. ಆದರೆ ಅದರ ಜೊತೆ ಬಾಳುವುದನ್ನು ನಾವೇ ಕಲಿಯಬೇಕು. ವ್ಯಾಪಾರಿ ಕಲಿತ. ಸೀರೆ ಮಡಚುತ್ತ ಕಲಿತ, ಗಿರಾಕಿ ಇಲ್ಲದಾಗ ಕಲಿತ, ಗಿರಾಕಿ ಇದ್ದಾಗಲೂ ಒಂದೊಂದು ಸಲ ಕಲಿತ. ತಪ್ಪಿದಾಗೆಲ್ಲ ಹಾಕಿದ್ದನ್ನು ಅಳಿಸಿ ಮತ್ತೆ ಹಾಕಿದ. ಕೊನೆಗೆ ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ನೋಡಿದರೆ, ತನ್ನ ಅಂಗಡಿಯ ಮೂಲೆಯಲ್ಲಿ ಕುಳಿತ ಯಂತ್ರದಿಂದ ಒಂದು ಹಸಿರು ಸೀರೆಯ ಚಿತ್ರ ಇಳಿದು ಬಂತು. ಪಕ್ಕದಲ್ಲಿ ನಿಂತಿದ್ದ ಅಪರಿಚಿತನಿಗೆ ಅದನ್ನು ತೋರಿಸಿದ. “ಚಂದ ಅದ. ಎಷ್ಟರದು?” ಎಂದು ಅವನು ಕೇಳಿದ. ವ್ಯಾಪಾರಿ ಆ ದಿನ ದರ ಹೇಳುವುದನ್ನೇ ಮರೆತ.

ಸುದ್ದಿ ಪೇಟೆಯಲ್ಲಿ ಹರಡಿತು. ಎದುರು ಸಾಲಿನ ದರ್ಜಿ ತನ್ನ ಗಿರಾಕಿಗಳ ಅಳತೆಗಳನ್ನೆಲ್ಲ ತಂದು ಅಲ್ಲಿ ಇಟ್ಟ. ಮದುವೆ ಫೋಟೋ ತೆಗೆಯುವವನು ಆಲ್ಬಂಗಳನ್ನು ಇಟ್ಟ. ಭಜನಾ ಮೇಳದವರು ತಮ್ಮ ಹಾಡುಗಳನ್ನು ಇಟ್ಟರು. ಅವುಗಳಲ್ಲಿ ಅತ್ತೆಯ ಗಂಡನ ದನಿಯೂ ಇತ್ತು. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡದ್ದು. ಕ್ಯಾಸೆಟ್ಟುಗಳು ಆಮೇಲೆ ಬೂಷ್ಟು ಹಿಡಿದು ಹಾಳಾದವು. ದನಿ ಉಳಿದದ್ದು ಆ ಯಂತ್ರದಲ್ಲಿ.

ಅತ್ತೆ ದಿನವೂ ಬೆಳಿಗ್ಗೆ ಹೂ ಕಟ್ಟುತ್ತ ಫೋನಿನಲ್ಲಿ ಆ ದನಿ ಕೇಳುತ್ತಿದ್ದಳು. ಕಣ್ಣೀರು ಹಾಕುವ ಪೈಕಿ ಅಲ್ಲ ಅವಳು. “ನೋಡು, ಇಲ್ಲಿ ತಾಳ ತಪ್ಪಿದ್ರು. ಹತ್ತು ಸಲ ಹೇಳೀನಿ, ಕೇಳಲಿಲ್ಲ,” ಎಂದು ದನಿಯನ್ನು ಬೈಯುತ್ತಿದ್ದಳು. ದನಿ ದಿನವೂ ಅಲ್ಲಿಯೇ ತಪ್ಪುತ್ತಿತ್ತು. ಅವಳು ದಿನವೂ ಅಲ್ಲಿಯೇ ಬೈಯುತ್ತಿದ್ದಳು.

ವ್ಯಾಪಾರಿ ಎಚ್ಚರದ ಮನುಷ್ಯ. ಒಂದೇ ಗೋದಾಮಿನಲ್ಲಿ ಎಲ್ಲ ಮಾಲು ಇಡಬಾರದೆಂದು ಅವನಿಗೆ ಗೊತ್ತು. ದರ್ಜಿಯ ಅಟ್ಟದ ಮೇಲೆ ಒಂದು ಪುಟ್ಟ ಯಂತ್ರ ಕೂರಿಸಿದ. ಅದು ದಿನವೂ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಯಂತ್ರವನ್ನು ನೋಡಿ ಪ್ರತಿ ಮಾಡಿಕೊಳ್ಳುತ್ತಿತ್ತು. ಇಲ್ಲಿ ಇದ್ದದ್ದು ಅಲ್ಲಿ ಇರಬೇಕು, ಇಲ್ಲಿ ಇಲ್ಲದ್ದು ಅಲ್ಲಿಯೂ ಇರಬಾರದು: ಅದಕ್ಕೆ ಅವನು ಕಲಿಸಿದ್ದು ಇಷ್ಟೇ. ಅದು ಹೇಳಿದ್ದನ್ನು ಮಾತ್ರ ಮಾಡುವ ನಂಬಿಕೆಯ ಆಳು. ಅಂತಹ ಆಳಿನಿಂದ ಆಗುವ ಅಪಾಯ ಏನೆಂದು ಅವನು ಆಗ ಯೋಚಿಸಲಿಲ್ಲ.

ಮಾಲು ಹೆಚ್ಚಿದಂತೆ ಅವನು ದೊಡ್ಡದೊಂದು ಡಿಸ್ಕು ತಂದು, ಯಂತ್ರ ಓಡುತ್ತಿರುವಾಗಲೇ ಹೊರಗಿನಿಂದ ಜೋಡಿಸಿದ. ಎಲ್ಲರ ಸಾಮಾನನ್ನೂ ಅದಕ್ಕೆ ಸಾಗಿಸಿದ. ಯಂತ್ರದ ಮುಂದೆ ಕುಳಿತು ‘ಇನ್ನು ಮೇಲೆ ಗೋದಾಮು ಇದು’ ಎಂದು ಒಂದು ಆಜ್ಞೆ ಟೈಪು ಮಾಡಿದ. ಯಂತ್ರ ಒಪ್ಪಿತು. ಮಾಲು ಸರಿಯಾಗಿ ಕಂಡಿತು. ಅಲ್ಲಿಗೆ ಅದನ್ನು ಮರೆತ.

ಒಂದು ವಿಷಯದಲ್ಲಿ ಅವನಿಗೆ ಬಲು ಹೆಮ್ಮೆ ಇತ್ತು. ಆ ಯಂತ್ರ ಶುರುವಾದಂದಿನಿಂದ ಒಮ್ಮೆಯೂ ನಿಂತಿರಲಿಲ್ಲ. ಕರೆಂಟು ಹೋದರೆ ಬ್ಯಾಟರಿ ಹಿಡಿಯುತ್ತಿತ್ತು. ಬ್ಯಾಟರಿ ಸೋಲುವ ಮುಂಚೆ ಅವನು ಓಡಿ ಬಂದು ಜನರೇಟರು ಹಚ್ಚುತ್ತಿದ್ದ. ಹೊಸ ಅಪ್‌ಡೇಟು ಹಾಕಿದಾಗ ಯಂತ್ರವೇ ಪರದೆಯ ಮೇಲೆ, ನನ್ನನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸು ಎಂದು ಕೇಳುತ್ತಿತ್ತು. ಅವನು ಆ ಸಾಲನ್ನು ಕೈಸಾಲ ಕೇಳಲು ಬಂದ ನೆಂಟನನ್ನು ನೋಡುವಂತೆ ನೋಡಿ ಮುಖ ತಿರುಗಿಸುತ್ತಿದ್ದ. ಅಂಗಡಿಗೆ ಬಂದವರಿಗೆ ಸೀರೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದ. “ಮೂರು ವರ್ಷ ಆತ್ರಿ. ಒಂದು ಗಳಿಗಿ ಮಲಗಿಲ್ಲ.” ಬಂದವರು ಯಂತ್ರವನ್ನೂ ನೋಡುತ್ತಿದ್ದರು, ಅವನ ಕಣ್ಣಿನ ಕೆಳಗಿನ ಕಪ್ಪನ್ನೂ ನೋಡುತ್ತಿದ್ದರು.

ಯಂತ್ರ ಮಲಗದೆ ಇರಬೇಕಾದರೆ ಅವನು ಊರು ಬಿಡುವಂತಿರಲಿಲ್ಲ. ಹೆಂಡತಿಯ ತವರಿನಲ್ಲಿ ಎಷ್ಟೋ ಕಾರ್ಯಗಳಾದವು. ಅವಳು ಒಬ್ಬಳೇ ಹೋಗಿ ಬಂದಳು. “ನಿಮ್ಮ ಯಜಮಾನ್ರು ಆ ಡಬ್ಬಿ ಕೂಡ ಸಂಸಾರ ಮಾಡ್ತಾರಂತ, ಖರೇ ಏನು?” ಎಂದು ತವರಿನ ಹೆಂಗಸರು ಕೇಳುತ್ತಿದ್ದರು. ಅವಳು ನಗುತ್ತಿದ್ದಳು. ಪ್ರತಿ ಸಲವೂ ಆ ನಗು ಮೊದಲಿಗಿಂತ ಸ್ವಲ್ಪ ಚಿಕ್ಕದಾಗುತ್ತಿತ್ತು. ಈಗ ಅವಳ ಒಬ್ಬನೇ ತಮ್ಮನ ಮದುವೆ ಗೊತ್ತಾಗಿತ್ತು. ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತ.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ಆ ದಿನ ಪೇಟೆಯಲ್ಲಿ ತಕ್ಕಡಿ ಏಳುವುದಿಲ್ಲ, ಗಜಕೋಲು ಏಳುವುದಿಲ್ಲ, ಹೊಲಿಗೆ ಯಂತ್ರ ತಿರುಗುವುದಿಲ್ಲ. ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟು ಹೂ ಏರಿಸುತ್ತಾರೆ. ಸೀರೆ ವ್ಯಾಪಾರಿಯ ಯಂತ್ರಕ್ಕೆ ಮಾತ್ರ ಪ್ರತಿ ವರ್ಷ ರಿಯಾಯಿತಿ. ಅದು ಓಡುತ್ತಿರುವಾಗಲೇ ಪೂಜೆ. ಮೊದಲ ವರ್ಷ ಅವನೇ ಭಕ್ತಿಯಿಂದ ಕುಂಕುಮ ಏರಿಸಲು ಹೋದಾಗ ಅದರ ಫ್ಯಾನು ಅಷ್ಟನ್ನೂ ಒಳಗೆ ಎಳೆದುಕೊಂಡಿತ್ತು. ಮುಂದಿನ ಯುಗಾದಿಯವರೆಗೂ ಯಂತ್ರದ ಹಿಂದಿನಿಂದ ಕೆಂಪು ಧೂಳು ಬರುತ್ತಿತ್ತು.

ಈ ವರ್ಷ ಅತ್ತೆ ಕುಂಕುಮದ ಬಟ್ಟಲು ಹಿಡಿದು ಯಂತ್ರದ ಮುಂದೆ ನಿಂತಳು.

“ನಿಲ್ಲಸೋ ಇದನ್ನ.”

“ಅತ್ತೀ, ಇದು ನಿಲ್ಲೂದಲ್ಲ. ಮೂರು ವರ್ಷ ಆತು, ನಿಂತಿಲ್ಲ.”

“ನಿಂತಿಲ್ಲೋ, ನೀ ನಿಲ್ಲಿಸಿಲ್ಲೋ? ಓಡೋ ಎತ್ತಿನ ಹಣಿಗೆ ಯಾರರ ಕುಂಕುಮ ಹಚ್ತಾರೇನು? ವರ್ಷಕ್ಕೊಮ್ಮೆ ಅದೂ ಉಸಿರು ಬಿಡಲಿ.”

“ನಿಮಗ ಇದೆಲ್ಲಾ ತಿಳಿಯೂದಿಲ್ಲ.”

ಹೆಂಡತಿ ಬಾಗಿಲಿಗೆ ತೋರಣ ಕಟ್ಟುತ್ತಿದ್ದಳು. ತಿರುಗಿ ನೋಡದೆ ಹೇಳಿದಳು: “ಬಿಡ್ರಿ ಅತ್ತಿ. ನಿಲ್ಲಿಸಿದ್ರ ಮತ್ತ ಏಳ್ತದೋ ಇಲ್ಲೋ ಅಂತ ಅವರಿಗೆ ಅಂಜಿಕಿ.”

ವ್ಯಾಪಾರಿಗೆ ಆ ಮಾತು ನಾಟಿತು. “ಅಂಜಿಕಿ? ನಾ ಕಟ್ಟಿದ್ದಿದು. ಗುಂಡಿ ಒತ್ತಿದ್ರ ತಾನ ಏಳ್ತದ.”

“ಹಂಗಾದ್ರ ಒಂದು ಮಾತು,” ಎಂದು ಅವಳು ಈಗ ತಿರುಗಿದಳು. “ನಾಳೆ ಬನ್ನಿ ಮುಡಿದು ಬಂದ ಮ್ಯಾಲೆ ಗುಂಡಿ ನಾ ಒತ್ತತೀನಿ. ನೀವು ಕೈ ಹಚ್ಚಬ್ಯಾಡ್ರಿ. ತಾನ ಎದ್ದರ ನೀವು ನಮ್ಮ ತಮ್ಮನ ಮದುವಿಗೆ ಬರಬೇಕು. ಏಳಲಿಲ್ಲಂದ್ರ ನಾ ಮತ್ತ ಕರಿಯೂದಿಲ್ಲ.”

ವ್ಯಾಪಾರಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ. ಎದ್ದರೆ ಊರು ಬಿಡಬೇಕು. ಏಳದಿದ್ದರೆ ಹೆಸರು ಬಿಡಬೇಕು. ಎರಡು ಕಡೆಯೂ ನಷ್ಟವಿರುವ ಇಂತಹ ವ್ಯಾಪಾರವನ್ನು ಅವನು ಜೀವಮಾನದಲ್ಲಿ ಮುಟ್ಟಿರಲಿಲ್ಲ. ಆದರೆ ಅತ್ತೆ ನೋಡುತ್ತಿದ್ದಳು. ಬಾಗಿಲ ಹೊರಗೆ ದರ್ಜಿ ಕಿವಿಗೊಟ್ಟು ನಿಂತಿದ್ದ. ವ್ಯಾಪಾರಿ “ಆಗಲಿ” ಎಂದ.

ಯಂತ್ರವನ್ನು ನಿಲ್ಲಿಸಿದರು. ಫ್ಯಾನು ನಿಂತಾಗ ಅಂಗಡಿಯಲ್ಲಿ ಒಂದು ಹೊಸ ಮೌನ ಹುಟ್ಟಿತು. ಮೂರು ವರ್ಷ ಆ ಗುಂಯ್‌ ಎನ್ನುವ ಸದ್ದು ಇತ್ತೆಂಬುದೇ ಆಗ ಎಲ್ಲರಿಗೂ ತಿಳಿಯಿತು. ಅತ್ತೆ ಅದರ ಹಣೆಯೆಂದು ತೋರಿದ ಜಾಗಕ್ಕೆ ಕುಂಕುಮ ಹಚ್ಚಿದಳು. ಗಜಕೋಲಿನ ಪಕ್ಕದಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಯಂತ್ರ ಮದುಮಗನಂತೆ ಕುಳಿತಿತು.

ಮರುದಿನ ಸಂಜೆ ಬನ್ನಿ ಮರಕ್ಕೆ ಪೂಜೆಯಾಯಿತು. ಎಲ್ಲರೂ ಹಿಂತಿರುಗಿದರು. ಹೆಂಡತಿ ಗುಂಡಿ ಒತ್ತಿದಳು. ದೀಪ ಹತ್ತಿತು. ಫ್ಯಾನು ತಿರುಗಿತು. ಪರದೆಯ ಮೇಲೆ ಸಾಲುಗಳು ಓಡಿದವು. ವ್ಯಾಪಾರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಅವನ ಮುಖ ಅರಳಿತು.

“ನೋಡಿದ್ಯಾ? ತಾನ ಎದ್ದಿತು.”

ಅತ್ತೆ ಫೋನು ತೆಗೆದಳು. ತಿಕ್ಕಿದಳು, ಮತ್ತೆ ತಿಕ್ಕಿದಳು. ಆಮೇಲೆ ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದಳು: “ಅವರು ಎಲ್ಲಿ ಹೋದ್ರೋ?”

ವ್ಯಾಪಾರಿ ಬಗ್ಗಿ ನೋಡಿದ. ಯಂತ್ರ ಎದ್ದಿತ್ತು, ಗೋದಾಮು ಬರಿದಾಗಿತ್ತು. ಸೀರೆಗಳಿಲ್ಲ. ದರ್ಜಿಯ ಅಳತೆಗಳಿಲ್ಲ. ಮದುವೆಯ ಆಲ್ಬಂಗಳಿಲ್ಲ. ಹಾಡುಗಳ ಜಾಗದಲ್ಲಿ ಬಿಳಿಯ ಬಯಲು. ಆದರೂ, ಇನ್ನೊಂದು ಪ್ರತಿ ದರ್ಜಿಯ ಅಟ್ಟದ ಮೇಲೆ ಇದೆಯಲ್ಲ ಎಂದು ಧೈರ್ಯ ತಂದುಕೊಂಡ. ಅಷ್ಟರಲ್ಲಿ ಎದುರು ಸಾಲಿನ ಒಂದು ಅಂಗಡಿಯಲ್ಲಿ ಸಂಜೆಯ ದೀಪ ಹಚ್ಚಿದರು.

ದೀಪ ನೋಡಿದ ಕೂಡಲೇ ಅವನಿಗೆ ನೆನಪಾಯಿತು. ಅಟ್ಟದ ಮೇಲಿನ ಆ ನಂಬಿಕೆಯ ಆಳು ಏಳುವ ಹೊತ್ತು ಅದೇ. ನಿನ್ನೆ ಯಂತ್ರ ಮಲಗಿತ್ತು, ಅದಕ್ಕೆ ಒಳಗೆ ಬರಲು ಆಗಿರಲಿಲ್ಲ. ಇಂದು ಅದು ಇಲ್ಲಿಗೆ ಬಂದು ನೋಡುತ್ತದೆ. ಇಲ್ಲಿ ಏನೂ ಇಲ್ಲ. ಇಲ್ಲಿ ಇಲ್ಲದ್ದು ಅಲ್ಲಿಯೂ ಇರಬಾರದು. ಒಂದೊಂದಾಗಿ, ನಿಯತ್ತಿನಿಂದ, ಎಲ್ಲವನ್ನೂ ಅಳಿಸುತ್ತದೆ. ಅತ್ತೆಯ ಗಂಡ ಎರಡನೆಯ ಸಲ ಸಾಯುತ್ತಾನೆ, ಇವನು ಕಲಿಸಿದ ಪಾಠದಿಂದ.

ವ್ಯಾಪಾರಿ ಧೋತರ ಎತ್ತಿ ಕಟ್ಟಿ ಬೀದಿಗೆ ಹಾರಿದ.

ಬೀದಿಯ ತುಂಬ ಜನ. ವಿಜಯದಶಮಿಯ ಸಂಜೆ, ಎಲ್ಲರ ಕೈಯಲ್ಲೂ ಬನ್ನಿ ಎಲೆ. ಕೊಟ್ಟವರಿಂದ ತೆಗೆದುಕೊಳ್ಳದೆ, ಹಿರಿಯರ ಕಾಲು ಮುಟ್ಟದೆ ಮುಂದೆ ಹೋಗುವಂತಿಲ್ಲ.

“ಸಾವ್ಕಾರ್ರ, ಬಂಗಾರ ತಗೋರಿ, ಬಂಗಾರದಂಗ ಇರೋಣು!”

“ಇರೋಣು, ಇರೋಣು,” ಎಂದು ಎಲೆ ಕಸಿದುಕೊಂಡು ಓಡಿದ. ಮುಂದೆ ಅವನಿಗೆ ಅಕ್ಷರ ಕಲಿಸಿದ ಮೇಷ್ಟ್ರು ಸಿಕ್ಕರು. ಓಡುತ್ತಲೇ ಬಗ್ಗಿದ. ಅವರ ಕಾಲು ಮುಟ್ಟಿದನೋ ಪಕ್ಕದವರ ಕಾಲು ಮುಟ್ಟಿದನೋ ಅವನಿಗೇ ತಿಳಿಯಲಿಲ್ಲ. ಆಶೀರ್ವಾದ ಮಾತ್ರ ಇಬ್ಬರೂ ಮಾಡಿದರು. ದರ್ಜಿ ತನ್ನ ಬಾಗಿಲಲ್ಲಿಯೇ ಎರಡೂ ಕೈ ಚಾಚಿ ನಿಂತಿದ್ದ, ಅಪ್ಪಿಕೊಳ್ಳಲು. ವ್ಯಾಪಾರಿ ಅವನ ತೋಳಿನ ಕೆಳಗೆ ನುಸುಳಿ ಏಣಿ ಹತ್ತಿ ಅಟ್ಟದ ಮೇಲಿನ ವಯರು ಕಿತ್ತೆಸೆದ.

ಹಿಂತಿರುಗಿ ಅಂಗಡಿಗೆ ಬಂದಾಗ ಏದುಸಿರು ಬಿಡುತ್ತಿದ್ದ. ಜೇಬಿನ ತುಂಬ ಬನ್ನಿ ಎಲೆ. ಹೆಂಡತಿ ಅಂಗಡಿಯ ಯಂತ್ರದ ಪಕ್ಕದಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ನೆಟ್‌ನ ವಯರು ನೇತಾಡುತ್ತಿತ್ತು.

“ದಾರಿ ಇಲ್ಲೇ ಮುಚ್ಚಿದ್ರ ಅದು ಬರೂದ ಇಲ್ಲಲ್ಲ ಅಂತ ಕಿತ್ತೆ,” ಎಂದಳು. “ನಿಮಗ ಹೇಳೂಣು ಅಂದ್ರ ನೀವು ಆಗಲೇ ಮೇಷ್ಟ್ರ ಕಾಲಾಗ ಇದ್ರಿ.”

ವ್ಯಾಪಾರಿ ಯಂತ್ರದ ಮುಂದೆ ಕುಳಿತ. ಹುಡುಕಿದ. ದೊಡ್ಡ ಡಿಸ್ಕು ತನ್ನ ಜಾಗದಲ್ಲಿಯೇ ಇತ್ತು, ಒಳಗಿನ ಮಾಲು ಎಲ್ಲವೂ ಇತ್ತು. ‘ಗೋದಾಮು ಇದು’ ಎಂದು ಅವನು ಅಂದು ಹೇಳಿದ್ದು ಬಾಯಿಮಾತು. ಯಂತ್ರ ಎಚ್ಚರವಿದ್ದಷ್ಟು ಕಾಲ ಅದನ್ನು ನೆನಪಿಟ್ಟಿತು. ಮಲಗಿ ಎದ್ದಾಗ ನೆನಪಿರಲಿಲ್ಲ. ಎದ್ದ ಕೂಡಲೇ ಯಂತ್ರ ಓದುವ ಒಂದು ಕಡತವಿದೆ. ಅದರಲ್ಲಿ ಅವನು ಒಂದು ಸಾಲು ಬರೆದಿಡಬೇಕಿತ್ತು. ಬರೆದಿರಲಿಲ್ಲ. ಬಾಗಿಲು ಒಮ್ಮೆ ಕೈಯಾರೆ ತೆರೆದಿದ್ದ. ಮುಚ್ಚಿದ್ದೇ ಇಲ್ಲವಾದ್ದರಿಂದ, ಅದು ತಾನಾಗಿ ತೆರೆಯುವ ಬಾಗಿಲೆಂದು ಇಷ್ಟು ಕಾಲ ನಂಬಿದ್ದ.

ಅವನು ಆ ಹಳೆಯ ಆಜ್ಞೆಯನ್ನು ಮತ್ತೆ ಟೈಪು ಮಾಡಿದ. ಹೆಂಡತಿ ವಯರು ಸಿಕ್ಕಿಸಿದಳು. ಅತ್ತೆಯ ಫೋನಿನಲ್ಲಿ ತಬಲಾದ ಸದ್ದು ಬಂತು, ಅದರ ಹಿಂದೆ ದನಿ ಬಂತು. ಮೂವರೂ ಫೋನಿನ ಕಡೆ ಬಾಗಿ ಕೇಳಿದರು. ಅತ್ತೆಯ ಮುಖ ಬಿಗಿಯಿತು, ಆಮೇಲೆ ಸಡಿಲವಾಯಿತು.

“ಅಲ್ಲೇ ತಪ್ಪಿದ್ರು,” ಎಂದಳು. “ಏನೂ ಕೆಟ್ಟಿಲ್ಲ.”

ಹೆಂಡತಿ ಸೆರಗು ಕೊಡವಿಕೊಂಡಳು. “ಗುಂಡಿ ನಾ ಒತ್ತಿದೆ, ಎಬ್ಬಿಸಿದವರು ನೀವು. ಅದು ತಾನ ಏಳಲಿಲ್ಲ. ನಾ ಸೋತೆ. ಮದುವಿಗೆ ಅತ್ತಿನೂ ನಾನೂ ಹೋಗಿ ಬರ್ತೀವಿ.” ಸಿಟ್ಟಿಲ್ಲದೆ ಹೇಳಿದಳು. ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸತೊಡಗಿದಳು.

ವ್ಯಾಪಾರಿ ಗೆದ್ದಿದ್ದ. ಊರು ಬಿಡಬೇಕಾಗಿರಲಿಲ್ಲ. ಆದರೆ ಅವನು ವ್ಯಾಪಾರಿ. ತೂಕದಲ್ಲಿ ತನ್ನ ಕಡೆಯ ತಟ್ಟೆ ಸುಮ್ಮನೆ ಇಳಿದರೆ ತಕ್ಕಡಿಯೇ ಕೆಟ್ಟಿದೆ ಎಂದು ಅವನಿಗೆ ಗೊತ್ತು. ಇಂದು ಪೂಜೆಗೆ ನಿಂತಿತು, ನಾನು ಪಕ್ಕದಲ್ಲಿದ್ದೆ. ನಾಳೆ ಪೂಜೆಯಿಲ್ಲದೆ ನಿಂತರೆ? ಅಟ್ಟದ ಮೇಲಿನ ಆ ನಿಯತ್ತಿನ ಆಳು ನನಗಿಂತ ಮೊದಲು ಎದ್ದರೆ?

ಅವನು ಆ ಸಾಲನ್ನು ಕಡತದಲ್ಲಿ ಬರೆದ. ಯಂತ್ರವನ್ನು ತಾನೇ ನಿಲ್ಲಿಸಿದ. ಮತ್ತೆ ಎಬ್ಬಿಸಿದ. ಈಗ ಗೋದಾಮು ತುಂಬಿತ್ತು, ಪೇಟೆಯೊಳಗೆ ದಾರಿಯೂ ಇತ್ತು, ಆದರೆ ದೂರದ ಊರುಗಳಿಂದ ಬರುವ ದಾರಿ ತೆರೆಯಲಿಲ್ಲ. ಅದನ್ನೂ ಅವನು ಮೂರು ವರ್ಷದ ಹಿಂದೆ ಕೈಯಾರೆ ತೆರೆದಿದ್ದ. ಅದಕ್ಕೂ ಒಂದು ಸಾಲು ಬರೆದ. ನಿಲ್ಲಿಸಿದ. ಎಬ್ಬಿಸಿದ. ದಾರಿ ತೆರೆಯಿತು, ಹಾಡುಗಳ ಬಾಗಿಲು ಮಾತ್ರ ‘ನಿನಗೆ ಪರವಾನಗಿ ಇಲ್ಲ’ ಎಂದಿತು. ಮತ್ತೆ ತಿದ್ದಿದ.

ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. “ಮೂರು ವರ್ಷ ಮಲಗಾಕ ಬಿಡಲಿಲ್ಲ. ಈಗ ನೋಡಿದ್ರ ಅದರ ಕಡೆ ಬಸ್ಕಿ ಹೊಡಿಸಾಕತ್ಯಾನ.”

ದರ್ಜಿ ಬಂದ. ಫೋಟೋ ತೆಗೆಯುವವನು ಬಂದ. ಬನ್ನಿ ಕೊಡಲು ಬಂದವರು ಹೋಗಲಿಲ್ಲ. ಅಂಗಡಿಯ ಮುಂದೆ ಒಂದು ಸಣ್ಣ ಗುಂಪು ಸೇರಿತು. ಪ್ರತಿಯೊಬ್ಬರ ಕೈಯಲ್ಲೂ ಫೋನು. ಯಂತ್ರ ಎದ್ದಾಗೆಲ್ಲ ಒಬ್ಬೊಬ್ಬರು ಕೂಗುತ್ತಿದ್ದರು.

“ನಂದು ಬಂತು!”

“ನಂದು ಇನ್ನೂ ಇಲ್ರೀ ಸಾವ್ಕಾರ್ರ!”

“ಲೇ, ನಿನ್ನ ಫೋನ್‌ನ್ಯಾಗ ಕರೆನ್ಸಿ ಅದನೋ ಇಲ್ಲೋ ನೋಡ್ಕೋ ಮೊದಲ!”

ಹೆಂಡತಿ ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬಂದು ನಿಂತಿದ್ದಳು. ಕೊನೆಗೆ ವ್ಯಾಪಾರಿ, ಕರೆಂಟು ಬಂದ ಕೂಡಲೇ ಯಂತ್ರ ತಾನೇ ಹೊತ್ತಿಕೊಳ್ಳುವಂತೆ ಮಾಡಿ ಬ್ಯಾಟರಿಯನ್ನು ಬಿಚ್ಚಿಟ್ಟ. ಅಂಗಡಿಯ ಮೇನ್ ಸ್ವಿಚ್ಚನ್ನು ಅತ್ತೆಗೆ ತೋರಿಸಿದ. “ಅತ್ತೀ, ನಾ ಬೀದಿಗೆ ಹೋಗಿ ನಿಂದರ್ತೀನಿ. ನೀವು ತೆಗದು, ಸ್ವಲ್ಪ ತಡದು ಹಾಕ್ರಿ. ನಾ ಒಳಗ ಬರೂದಿಲ್ಲ.”

ಅಂಗಡಿ ಕತ್ತಲಾಯಿತು. ಅತ್ತೆ ಬೇಕೆಂದೇ ಬಹಳ ಹೊತ್ತು ತಡೆದಳು. ಆಮೇಲೆ ಬೆಳಕು ಬಂತು. ವ್ಯಾಪಾರಿ ಬೀದಿಯ ಆ ಬದಿಯಲ್ಲಿ ಅಳಿಯನ ಹಾಗೆ ಕೈ ಕಟ್ಟಿ ನಿಂತಿದ್ದ. ಮೊದಲು ದರ್ಜಿ “ಬಂತು” ಎಂದ. ಆಮೇಲೆ ಫೋಟೋದವನು. ಆಮೇಲೆ ಅಂಗಡಿಯಿಂದ ಅಂಗಡಿಗೆ ಆ ಮಾತು ಹೋಯಿತು. ಕೊನೆಗೆ ಒಳಗಿನಿಂದ ಅತ್ತೆಯ ಗಂಡನ ದನಿ ಗಟ್ಟಿಯಾಗಿ ಬೀದಿಗೆ ಬಂತು. ತಾಳ ತಪ್ಪುವ ಜಾಗದಲ್ಲಿ ಇಡೀ ಗುಂಪು ಅತ್ತೆಗಿಂತ ಮೊದಲೇ “ತಪ್ಪಿದ್ರು!” ಎಂದು ಕೂಗಿತು. ಅತ್ತೆ ಸಿಟ್ಟು ಮಾಡಲು ನೋಡಿದಳು. ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ಈಗ ಯಾರೂ ಮುಟ್ಟಲಿಲ್ಲ,” ಎಂದು ವ್ಯಾಪಾರಿ ಹೆಂಡತಿಗೆ ಹೇಳಿದ. “ನೀ ಗೆದ್ದಿ.”

“ಮದುವಿಗೆ ಹೊಸ ಅಂಗಿ ಹೊಲಿಸ್ಕೋರಿ,” ಎಂದಳು ಅವಳು. “ನಿಮ್ಮ ಅಳತಿ ದರ್ಜಿ ಹಂತ್ಯಾಕ ಹಳೇದದ. ಈ ಮೂರು ವರ್ಷದಾಗ ನೀವು ಕೂತು ಕೂತು ದಪ್ಪಾಗೀರಿ.”

ಅವನು ಬ್ಯಾಟರಿಯನ್ನು ಮತ್ತೆ ಜೋಡಿಸಿದ. ಅಟ್ಟದ ಮೇಲಿನ ಆಳಿಗೂ ಹೊಸ ಪಾಠ ಹೇಳಿದ. ಇಲ್ಲಿ ಬರಿದಾಗಿ ಕಂಡರೆ ಏನನ್ನೂ ಅಳಿಸಬೇಡ, ಮೊದಲು ನನ್ನನ್ನು ಕೇಳು.

ತುಳಸಿ ಲಗ್ನ ಕಳೆಯಿತು. ವ್ಯಾಪಾರಿ ಹೆಂಡತಿಯ ಜೊತೆ, ಅತ್ತೆಯ ಜೊತೆ ಮದುವೆಗೆ ಹೋದ. ತವರಿನ ಹೆಂಗಸರು ಅವನನ್ನು ಒಂದು ಹೊಸ ವಸ್ತುವಿನಂತೆ ಸುತ್ತ ತಿರುಗಿ ನೋಡಿದರು. ಹೆಂಡತಿಯ ನಗು ಆ ದಿನ ಚಪ್ಪರದ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಊಟಕ್ಕೆ ಕುಳಿತಾಗ ವ್ಯಾಪಾರಿ ಎಲೆಯ ಕೆಳಗೆ ಫೋನು ಇಟ್ಟುಕೊಂಡು ಮೆಲ್ಲನೆ ನೋಡಿದ. ಪುಟ ತೆರೆಯಲಿಲ್ಲ. ಮತ್ತೆ ನೋಡಿದ. ತೆರೆಯಲಿಲ್ಲ. ಪೇಟೆಯಲ್ಲಿ ಕರೆಂಟು ಹೋಗಿದೆ, ಬ್ಯಾಟರಿಯೂ ಸೋತಿದೆ ಎಂದು ಅವನಿಗೆ ಅರ್ಥವಾಯಿತು. ಅರ್ಧ ಎದ್ದ.

ಹೆಂಡತಿ ಬಡಿಸಲು ಬಂದಿದ್ದಳು. ಅವನ ಕೈಯಿಂದ ಫೋನು ತೆಗೆದುಕೊಂಡು, ಅದೇ ಕೈಗೆ ಹೋಳಿಗೆ ಹಾಕಿದಳು. “ಇದು ಆರಿದ್ರ ಮತ್ತ ಬಿಸಿ ಆಗೂದಿಲ್ಲ. ಅದು ಆರಿದ್ರ ಮತ್ತ ಹತ್ತತದ. ಉಣ್ರಿ.”

ಅವನು ಉಂಡ. ಎರಡನೆಯ ಹೋಳಿಗೆ ಮುಗಿಯುವ ಹೊತ್ತಿಗೆ ಪಂಕ್ತಿಯ ಆ ಕಡೆಯಿಂದ ಒಂದು ದನಿ ಕೇಳಿತು. ಅತ್ತೆ ತನ್ನ ಪಕ್ಕದ ಮುದುಕಿಗೆ ಫೋನು ಹಿಡಿದು ತೋರಿಸುತ್ತಿದ್ದಳು: “ಈಗ ನೋಡ್ರಿ, ಇಲ್ಲಿ ತಪ್ತಾರ.”

ಯಂತ್ರ ತಾನೇ ಎದ್ದಿತ್ತು. ಅಂಗಡಿಗೆ ಬೀಗ ಹಾಕಿತ್ತು. ಮುಟ್ಟುವವರು ಯಾರೂ ಅಲ್ಲಿ ಇರಲಿಲ್ಲ. ವ್ಯಾಪಾರಿ ಸಂತೋಷ ತಾಳಲಾರದೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಮದುವೆಯ ಉಳಿದ ದಿನಗಳಲ್ಲಿ ಅವನು ಮದುಮಗನಿಗಿಂತ ಹೆಚ್ಚು ನಕ್ಕ.

ಮದುವೆ ಮುಗಿಸಿ ಪೇಟೆಗೆ ಬಂದವನು ಮೊದಲು ಯಂತ್ರವನ್ನು ನೋಡಿದ. ಗುಂಯ್‌ ಎನ್ನುತ್ತ ಅದು ಕೆಲಸದಲ್ಲಿತ್ತು. ಆಮೇಲೆ ಮದುವೆಯ ಬುಂದಿಯ ಡಬ್ಬಿ ಹಿಡಿದು ದರ್ಜಿಯ ಬಾಗಿಲಿಗೆ ಹೋದ. ಎಷ್ಟು ಜನ ಕೇಳಿಕೊಂಡು ಬಂದಿದ್ದರೋ, ಎಷ್ಟು ತಾಪತ್ರಯವಾಗಿತ್ತೋ, ಎಲ್ಲವನ್ನೂ ಕೇಳಬೇಕೆಂದಿದ್ದ.

ದರ್ಜಿ ಸೂಜಿಗೆ ದಾರ ಏರಿಸುತ್ತಿದ್ದ. ತಲೆ ಎತ್ತಿದ. “ಬರ್ರಿ ಸಾವ್ಕಾರ್ರ. ಏನಿದು, ಬುಂದಿ?”

“ಮದುವಿದು. ಇವತ್ತ ಬಂದ್ವಿ.”

“ಹೌದೇನು?” ದರ್ಜಿ ಹಲ್ಲಿನಲ್ಲಿ ದಾರ ಕಡಿದ. “ಆಗಲೇ ಹೋಗಿ ಬಂದ್ರೇನ್ರಿ? ಅಳತಿ ಎಲ್ಲಾ ಬರತಿದ್ವು, ನೀವು ಇಲ್ಲದ್ದು ನಮಗ ಗೊತ್ತ ಆಗಲಿಲ್ಲ ನೋಡ್ರಿ.”

ವ್ಯಾಪಾರಿ ನಕ್ಕ. ಆ ನಗು ಸ್ವಲ್ಪ ತಡವಾಗಿ ಬಂತು. ದರ್ಜಿ ಮತ್ತೆ ತಲೆ ತಗ್ಗಿಸಿ ಹೊಲಿಗೆಯಲ್ಲಿ ಮುಳುಗಿದ. ವ್ಯಾಪಾರಿ ಡಬ್ಬಿ ಹಿಡಿದುಕೊಂಡು ಆ ಬಾಗಿಲಲ್ಲಿಯೇ ಬಹಳ ಹೊತ್ತು ನಿಂತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಕತೆಯುದ್ದಕ್ಕೂ ನಕ್ಕಿದ್ದ. ಮೇಷ್ಟ್ರ ಕಾಲಿನ ಹತ್ತಿರ ಬಂದಾಗ ಹೊಟ್ಟೆ ಹಿಡಿದುಕೊಂಡಿದ್ದ. ಈಗ ಕಣ್ಣು ಒರೆಸಿಕೊಂಡು, ಹೊರಗೆ ಕಟ್ಟೆಯ ಮೇಲಿದ್ದ ಅಣ್ಣನ ಕಡೆ ಒಮ್ಮೆ ನೋಡಿ ಹೇಳಿದ: “ಅವನನ್ನು ನಾನು ಬಲ್ಲೆ, ಗುರುಗಳೇ. ನಿಂತರೆ ಮತ್ತೆ ಏಳಲಾರದೆಂದು ಅವನು ಹೆದರಿದ್ದ. ನನ್ನ ಹೆದರಿಕೆಯೂ ಅದೊಂದೇ.”

ಗುರುಗಳು ಕೇಳಿದರು: “ಹೆದರಿಕೆ ಅದೊಂದೇ ಆಗಿದ್ದರೆ, ಎಲ್ಲವೂ ತಾನೇ ನಡೆದ ಮೇಲೆ ಅವನು ಆ ಡಬ್ಬಿ ಹಿಡಿದು ದರ್ಜಿಯ ಬಾಗಿಲಲ್ಲಿ ಅಷ್ಟು ಹೊತ್ತು ಏಕೆ ನಿಂತ?”